ಏನು ಬಿಟ್ಟು ಬಂದ್ರಿ?

ಆಟೋದಿಂದ ಸೂಟ್‌ಕೇಸು ಇಳಿಸುತ್ತಿದ್ದೆವು. ಅದರ ಒಂದು ಚಕ್ರ ಗಯೆಯಲ್ಲೋ ಕಾಶಿಯಲ್ಲೋ ಉದುರಿಹೋಗಿತ್ತು. ಅತ್ತೆ ಗೇಟು ಹಿಡಿದುಕೊಂಡು ಮಂಡಿ ನೀವಿಕೊಳ್ಳುತ್ತಿದ್ದರು. ಬೀಗದ ಕೈ ಯಾವ ಬ್ಯಾಗಿನ ಯಾವ ಜಿಪ್ಪಿನೊಳಗಿದೆ ಅಂತ ನಮ್ಮನೆಯವರು ತಡಕಾಡುತ್ತಿದ್ದರು. ಆಗ ಪಕ್ಕದಮನೆಯವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೇಳಿದರು, "ಏನ್ ಬಿಟ್ಟು ಬಂದ್ರಿ?"

"ಕುತ್ತಿಗೆ ದಿಂಬು," ಅಂದರು ಇವರು, ತಲೆ ಎತ್ತದೆ. "ಬಸ್ಸಲ್ಲಿ."

ಅವರು ಕೇಳಿದ್ದು ಅದನ್ನಲ್ಲ. ಗಯೆಗೆ ಹೋದವರು ಇಷ್ಟವಾದ ಒಂದು ತರಕಾರಿ, ಒಂದು ಹಣ್ಣು ಅಲ್ಲೇ ಬಿಟ್ಟು ಬರಬೇಕಲ್ಲ, ಅದನ್ನು. ಆಮೇಲೆ ಜನ್ಮದಲ್ಲಿ ಅದನ್ನು ತಿನ್ನೋ ಹಾಗಿಲ್ಲ.

ನನಗೆ ಸಿಟ್ಟು ಬಂತು. ದೂರದ ಊರಿಂದ ಬಂದವರನ್ನು ಕೇಳುವ ಪ್ರಶ್ನೆಯಾ ಇದು? ಹಾಲು ತೆಗೆದಿಟ್ಟಿದೀನಿ, ಕಾಫಿ ಮಾಡ್ಕೊಳ್ಳಿ ಅನ್ನಬೇಕು. ನಲ್ಲೀಲಿ ನೀರು ಬರ್ತಿದೆಯೋ ಇಲ್ಲವೋ ಹೇಳಬೇಕು. ಬಾಗಿಲು ತೆಗೆಯೋದಕ್ಕೆ ಮುಂಚೆಯೇ ಪುಣ್ಯದ ಲೆಕ್ಕ ಕೇಳೋದು ಅಂದ್ರೆ!

ಹೋಗುವಾಗ ರೈಲು, ಬರುವಾಗ ವಿಮಾನ ಅಂತ ತೀರ್ಮಾನ ಮಾಡಿದ್ದು ನಮ್ಮನೆಯವರು. ಅಮ್ಮನಿಗೆ ಸುಸ್ತಾಗಿರುತ್ತೆ, ಬೇಗ ಮನೆ ಸೇರಿಬಿಡಬಹುದು ಅನ್ನೋದು ಅವರ ಲೆಕ್ಕ. ಕಾಶಿಯ ಬಾಬತ್‌ಪುರದಿಂದ ದೇವನಹಳ್ಳಿಗೆ ಎರಡೂವರೆ ಗಂಟೆ. ನಿಜ. ಆದರೆ ದೇವನಹಳ್ಳಿಯಿಂದ ಮೈಸೂರಿಗೆ ನಾಲ್ಕು ಗಂಟೆ. ನರ್ಮದೆ, ಗೋದಾವರಿ, ಕೃಷ್ಣೆಯನ್ನೆಲ್ಲ ಒಂದು ತೂಕಡಿಕೆಯಲ್ಲಿ ದಾಟಿ ಬಂದವರು ಹೆಬ್ಬಾಳದ ಫ್ಲೈಓವರ್ ಮೇಲೆ ಕೂತು ಮುಂದಿನ ಲಾರಿಯ ಹಿಂದೆ ಬರೆದಿದ್ದನ್ನು ಬಾಯಿಪಾಠ ಮಾಡಿದೆವು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಬೆಂಗಳೂರು ಮೈಸೂರು ಒಂದೂವರೆ ಗಂಟೆ ಅಂತ ಎಲ್ಲರೂ ಹೇಳ್ತಾರೆ. ಅದು ಬೆಂಗಳೂರು ಮುಗಿದ ಮೇಲಿನ ಮಾತು. ಬೆಂಗಳೂರು ಎಲ್ಲಿ ಮುಗಿಯುತ್ತೆ ಅಂತ ಯಾರೂ ಹೇಳಲ್ಲ.

ರೈಲಿನಲ್ಲಿ ಹಾಗಲ್ಲ. ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಮನೆ ಸ್ವಲ್ಪಸ್ವಲ್ಪವೇ ಕೈಬಿಡುತ್ತೆ. ವಿಜಯವಾಡ ಬರೋ ಹೊತ್ತಿಗೆ ಪುಳಿಯೋಗರೆ ಮುಗಿದಿತ್ತು. ನಾಗಪುರದಲ್ಲಿ ಚಪಾತಿ ಒಣಗಿ ಮಡಚಿದರೆ ಮುರಿಯುತ್ತಿತ್ತು. ಇಟಾರ್ಸಿಯಲ್ಲಿ ಚಟ್ನಿಪುಡಿ ಡಬ್ಬಿಯ ತಳ ಕಂಡಿತು. ಜಬಲ್ಪುರ ದಾಟಿದ ಮೇಲೆ ನಮ್ಮನೆಯದು ಅಂತ ಉಳಿದಿದ್ದು ಕೋಡುಬಳೆಯ ಚೂರು ಮಾತ್ರ. ಮಧ್ಯದ ಬರ್ತಿನ ಮನುಷ್ಯ ಬೆಳಿಗ್ಗೆ ಆರಕ್ಕೆ ಬರ್ತ್ ಇಳಿಸಬೇಕು ಅನ್ನೋ ನಿಯಮ ಗೊತ್ತಿದ್ದೂ ಒಂಬತ್ತರವರೆಗೆ ಗೊರಕೆ ಹೊಡೆದ. ಕೆಳಗೆ ನಾವು ಕತ್ತು ಬಗ್ಗಿಸಿ ಕೂತಿದ್ದೆವು. ಆದರೂ ದೂರ ಹೋಗ್ತಾ ಇದೀವಿ ಅನ್ನೋದು ಮೈಗೆ ಗೊತ್ತಾಗುತ್ತಿತ್ತು. ವಿಮಾನದಲ್ಲಿ ಮೈಗೆ ಏನೂ ಗೊತ್ತಾಗಲ್ಲ. ಗಾಲಿ ನೆಲ ಮುಟ್ಟಿದ ಕೂಡಲೇ ಎಲ್ಲರೂ ದಡಬಡ ಎದ್ದು, ಬಾಗಿಲು ತೆಗೆಯುವವರೆಗೆ ಒಬ್ಬರ ಕಂಕುಳಲ್ಲಿ ಒಬ್ಬರು ನಿಲ್ಲುತ್ತಾರೆ. ಯಾಕೆ ಎದ್ದರು ಅಂತ ಅವರಿಗೂ ಗೊತ್ತಿಲ್ಲ.

ಹಾಗಾಗಿ ನನ್ನದೊಂದು ಸಿದ್ಧಾಂತ ಇದೆ. ಹೋಗುವಾಗ ವಿಮಾನ, ಬರುವಾಗ ರೈಲು ಆಗಬೇಕು. ಮನೆ ಸ್ವಲ್ಪಸ್ವಲ್ಪವೇ ಹತ್ತಿರ ಬರಬೇಕು, ಅದು ಮೈಗೆ ಗೊತ್ತಾಗಬೇಕು. ಇನ್ನು ಪಕ್ಕದಮನೆಯವರಿಗೆ ಯಾಕೆ ನೆಟ್ಟಗೆ ಉತ್ತರ ಕೊಡಲಿಲ್ಲ ಅಂತ ಹೇಳಿಬಿಡಬೇಕು. ಅದರ ಬೇರು ನಮ್ಮ ಮಾವನವರ ಕಾಲಕ್ಕೆ ಹೋಗುತ್ತೆ.

ಮಾವನವರು ನನ್ನ ಮದುವೆಗೆ ಎಷ್ಟೋ ಮೊದಲು ಅವರಣ್ಣನ ಜೊತೆ ಗಯೆಗೆ ಹೋಗಿದ್ದರು. ಎರಡೂ ದಿಕ್ಕಿಗೆ ರೈಲೇ. ವಾಪಸ್ ಬರೋ ದಿನ ಅತ್ತೆ ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋಗಿ ಎಳೇ ಈರನಗೆರೆ ಬದನೆಕಾಯಿ ಆರಿಸಿ ತಂದರಂತೆ. ಮೈಸೂರಿನವರಿಗೆ ಅದರ ಮುಂದೆ ಬೇರೆ ಬದನೆ ಬದನೆಯೇ ಅಲ್ಲ. ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ, ಕಡಲೆಕಾಯಿ ಬೀಜ, ಎಳ್ಳು, ಕೊಬ್ಬರಿ ಹುರಿದು ಪುಡಿ ಮಾಡಿ ತುಂಬಿ, ಎಣ್ಣೆಗಾಯಿ ಮಾಡಿಟ್ಟಿದ್ದರು. ಮಾವನವರಿಗೆ ಪ್ರಾಣ ಅದು. ಬಂದರು, ಸ್ನಾನ ಮಾಡಿದರು, ಮಣೆ ಮೇಲೆ ಕೂತರು. ಅತ್ತೆ ಎಲೆಯ ಮೇಲೆ ಎಣ್ಣೆಗಾಯಿ ಇಡಲು ಬಗ್ಗಿದಾಗ ಕೈ ಅಡ್ಡ ಹಿಡಿದು, "ಬದನೆ ಬಿಟ್ಟೆ ಕಣೇ," ಅಂದರಂತೆ.

ಅತ್ತೆ ಈ ಕತೆಯನ್ನು ನನಗೆ ಬೇಕಾದಷ್ಟು ಸಲ ಹೇಳಿದ್ದಾರೆ. ಪ್ರತಿಸಲವೂ ಸೌಟು ಹಿಡಿದ ಕೈ ಗಾಳಿಯಲ್ಲಿ ನಿಂತುಬಿಡುತ್ತೆ.

ಅಲ್ಲಿಂದ ಶುರುವಾಯಿತು ನೋಡಿ. ಮನೆಯಲ್ಲಿ ಉಳಿದವರೆಲ್ಲ ಬದನೆ ತಿನ್ನುವವರೇ. ಹಾಗಾಗಿ ಎರಡು ಹುಳಿ, ಎರಡು ಪಾತ್ರೆ, ಎರಡು ಸೌಟು. ವಾಂಗಿಭಾತಿಗೆ ದೊಣ್ಣೆಮೆಣಸಿನಕಾಯಿ. ಮದುವೆಮನೆಗೆ ಹೋದರೆ ಅತ್ತೆ ಹಿತ್ತಲ ಕಡೆಯಿಂದ ಅಡುಗೆಯವರನ್ನು ಕರೆದು, ಯಾವುದರಲ್ಲಿ ಬದನೆ ಇದೆ ಅಂತ ವಿಚಾರಿಸಿ, ಗಂಡಸರ ಪಂಕ್ತಿಗೆ ಸುದ್ದಿ ಮುಟ್ಟಿಸಬೇಕು. ಮಾವನವರು ನೆಮ್ಮದಿಯಾಗಿ ಕೂತಿರುತ್ತಿದ್ದರು, ಬಿಟ್ಟವರಲ್ವಾ. ಒಂದು ಸಲ ಉಡುಪಿಯಲ್ಲಿ ಎಲೆಗೆ ಮಟ್ಟುಗುಳ್ಳದ, ಅಂದರೆ ಆ ಕಡೆಯ ಬದನೆಯ, ಹುಳಿ ಬಂತು. ಪರಿಮಳ ಮೂಗಿಗೆ ಬಡಿಯಿತು. ಮಾವನವರು ಪಕ್ಕದವರನ್ನು ಕೇಳಿದರಂತೆ, "ಗುಳ್ಳ ಅಂದ್ರೆ ಬೇರೆ ಜಾತಿಯದಲ್ವಾ?" ಪಕ್ಕದವರು ಸಂಭಾವಿತರು. ಹೌದು, ಬೇರೆಯೇ ಅಂದರು. ಮಾವನವರು ಎರಡು ಸಲ ಬಡಿಸಿಕೊಂಡರು. ಅಂದರೆ ಮನೆಯೊಳಗೆ ಎರಡು ಸೌಟು ಬೇಕು, ಉಡುಪಿಯಲ್ಲಿ ಪರವಾಗಿಲ್ಲ. ಬಿಡುವವರು ಗಂಡಸರು, ಆ ಬಿಟ್ಟಿದ್ದನ್ನು ಜನ್ಮಪೂರ್ತಿ ನೆನಪಿಟ್ಟುಕೊಂಡು ಅಡುಗೆ ಮಾಡುವವರು ಹೆಂಗಸರು. ಇದನ್ನು ನಾನು ಸುಮ್ನೆ ತಮಾಷೆಗೆ ಹೇಳ್ತಿಲ್ಲ.

ಈಗ ಅದೇ ಮಾವನವರಿಗೆ ಪಿಂಡ ಇಡಲು ಮಗ ಗಯೆಗೆ ಹೊರಟಿದ್ದು. ಹೊರಡುವ ಮುಂಚೆಯೇ ನಾನು ಖಡಾಖಂಡಿತವಾಗಿ ಹೇಳಿದ್ದೆ. ನೀವು ಏನು ಬೇಕಾದರೂ ಬಿಡಿ, ನನ್ನನ್ನು ಕೇಳಿ ಬಿಡಿ. ರೈಲಿನಲ್ಲಿ ಇದೇ ಚರ್ಚೆ. ಬೆಂಡೆಕಾಯಿ ಅಂದರು, ನಾನು ಒಪ್ಪಲಿಲ್ಲ. ಹುರುಳಿಕಾಯಿ ಅಂದರು, ವಾರದಲ್ಲಿ ಮೂರು ದಿನ ಅದೇ ಪಲ್ಯ, ಆಗಲ್ಲ ಅಂದೆ. ಹಾಗಲಕಾಯಿ ಬಿಡ್ತೀನಿ ಅಂದಾಗ ಅತ್ತೆ, "ಅದನ್ನ ನೀನು ಹುಟ್ಟಿದಾಗಲೇ ಬಿಟ್ಟಿದೀಯಲ್ಲೋ," ಅಂದರು. ಕೊನೆಗೆ ಜಬಲ್ಪುರದ ಆಚೆ ಎಲ್ಲೋ ಇವರ ಮುಖ ಅರಳಿತು. ಸೀಮೆಬದನೆಕಾಯಿ!

ಇದರ ಮಹತ್ವ ಗೊತ್ತಾಗಬೇಕಾದರೆ ನಮ್ಮ ಪಕ್ಕದಮನೆಯ ಚಪ್ಪರ ನೋಡಬೇಕು. ಅವರು ಒಂದು ಮೊಳಕೆ ಬಂದ ಕಾಯಿ ನೆಟ್ಟಿದ್ದು. ಬಳ್ಳಿ ಚಪ್ಪರ ತುಂಬಿ, ಕಾಂಪೌಂಡು ಹತ್ತಿ, ನಮ್ಮ ಬಟ್ಟೆ ಒಣಹಾಕುವ ತಂತಿಗೂ ಸುತ್ತಿಕೊಂಡಿದೆ. ಬಿಡುವುದು ಅಂದರೆ ಹೇಗೆ ಬಿಡುತ್ತೆ ಅಂತೀರಿ, ದಿನಾ ಬುಟ್ಟಿ. ಅವರು ಪಾಪ ಹಂಚುವ ಸ್ವಭಾವದವರು. ಎರಡು ದಿನಕ್ಕೊಮ್ಮೆ ಒಂದು ಚೀಲ ನಮ್ಮನೆಗೆ. ಹುಳಿ ಆಯ್ತು, ಪಲ್ಯ ಆಯ್ತು, ಕೂಟು ಆಯ್ತು, ಸಿಪ್ಪೆಯ ಚಟ್ನಿ ಆಯ್ತು. ಹೆಚ್ಚುವಾಗ ಅದರ ಹಾಲು ಅಂಟಿ ಬೆರಳಿನ ಚರ್ಮ ಬಿಗಿದುಕೊಳ್ಳುತ್ತೆ, ಸೋಪಿಗೂ ಬಗ್ಗಲ್ಲ. ಬೇಡ ಅನ್ನೋಣ ಅಂದರೆ ನಮ್ಮ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವವರೂ ಅವರೇ, ಕೊರಿಯರ್ ತೆಗೆದುಕೊಳ್ಳುವವರೂ ಅವರೇ.

ಸರಿ, ಗಯೆ. ವಿಷ್ಣುಪಾದದ ಗುಡಿ ಅಹಲ್ಯಾಬಾಯಿ ಹೋಳ್ಕರ್ 1787ರಲ್ಲಿ ಕಟ್ಟಿಸಿದ್ದು, ಕಪ್ಪು ಕಲ್ಲಿನದು. ಪಕ್ಕದಲ್ಲಿ ಫಲ್ಗು ನದಿ. ಹಿಂದೆ ಮರಳು ತೋಡಿದರೆ ಮಾತ್ರ ನೀರು ಸಿಗುತ್ತಿತ್ತಂತೆ, 2022ರಲ್ಲಿ ರಬ್ಬರ್ ಅಣೆಕಟ್ಟು ಆದಮೇಲೆ ಗುಡಿಯ ಹತ್ತಿರ ನೀರು ನಿಲ್ಲುತ್ತೆ. ನದಿ ಮರಳಿನ ಅಡಿ ಹೋಗಿದ್ದು ಸೀತೆಯ ಶಾಪದಿಂದ. ರಾಮ ಇಲ್ಲದಾಗ ಅವಳು ದಶರಥನಿಗೆ ಮರಳಿನ ಪಿಂಡ ಇಟ್ಟಳು. ಆಮೇಲೆ ರಾಮ ಕೇಳಿದರೆ ನದಿ, ಹಸು, ಕೇದಗೆ ಎಲ್ಲವೂ ನಾವು ನೋಡಲೇ ಇಲ್ಲ ಅಂದುಬಿಟ್ಟವು. ನಿಜ ಹೇಳಿದ್ದು ಆಲದ ಮರ ಒಂದೇ. ಅದಕ್ಕೇ ಅದು ಅಕ್ಷಯವಟ. ಬಿಡೋದೆಲ್ಲ ಅದರ ಬುಡದಲ್ಲಿ.

ಅಲ್ಲಿ ಇವರು ಕೈಯಲ್ಲಿ ದರ್ಭೆ ಹಿಡಿದು ಕೂತರು. ಕಡೆಗೆ "ಸುಫಲ", ಅಂದರೆ ಮಾಡಿದ್ದು ಫಲಿಸಿತು, ಅನ್ನಬೇಕಾದವರು ಅಲ್ಲಿನ ಪುರೋಹಿತರಾದ ಗಯಾವಾಳ ಪಂಡರು. ಹಣ್ಣಿಗೆ ಸೀಬೆ ಅಂದರು, ಆಯ್ತು. ತರಕಾರಿಗೆ ಸೀಮೆಬದನೆ ಅಂದರು. ಪಂಡರಿಗೆ ಅದೇನು ಅಂತ ಗೊತ್ತಿಲ್ಲ. ಇವರು ಎರಡು ಕೈಯಲ್ಲಿ ಆಕಾರ ತೋರಿಸಿದರು. ಬಣ್ಣ ಹೇಳಿದರು. ಮುಳ್ಳಿರುತ್ತೆ, ಕೆಲವಕ್ಕೆ ಇರಲ್ಲ ಅಂದರು. ಪಂಡರು ಅನುಮಾನದಿಂದ ನೋಡಿ ಹಿಂದಿಯಲ್ಲಿ ಕೇಳಿದರು, ನಿಮಗೆ ಅದು ಬಹಳ ಇಷ್ಟವಾ? ನಮ್ಮನೆಯವರು ಆ ಸತ್ಯ ಹೇಳಿದ ಮರದ ಕೆಳಗೆ, ಕಣ್ಣು ಮಿಟುಕಿಸದೆ, ಪ್ರಾಣಕ್ಕಿಂತ ಹೆಚ್ಚು ಅಂದರು. ನಾನು ಮೇಲೆ ನೋಡಿದೆ. ಎಲೆ ಅಲ್ಲಾಡಲಿಲ್ಲ.

ಆಮೇಲೆ ಅತ್ತೆಯ ಸರದಿ. ಅವರು ಕಣ್ಣು ಮುಚ್ಚಿಕೊಂಡು ಏನೋ ಪಿಸುಗುಟ್ಟಿದರು. ಏನು ಬಿಟ್ರಿ ಅಂದರೆ, "ಬಿಟ್ಟಿದ್ದನ್ನ ಯಾರಾದ್ರೂ ಡಂಗುರ ಹೊಡೀತಾರಾ?" ಅಂತ ನಡೆದುಬಿಟ್ಟರು. ಮಾವನವರಿಗೆ ಹೇಳಬೇಕಾಗಿದ್ದ ಮಾತು ಅದು, ನನಗನ್ನಿಸಿದ ಹಾಗೆ.

ವಾಪಸ್ ಬರುವಾಗ ವಿಮಾನದಲ್ಲಿ ಕಾಫಿ ಬೇಕಾ ಅಂತ ಕೇಳಿದರು. ಅತ್ತೆ ಬೇಡ ಅಂದರು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕಾಫಿ ಕುಡಿಯುವ ಅತ್ತೆ! ಇವರ ಮುಖ ಬಿಳಿಚಿಕೊಂಡಿತು. "ಅಮ್ಮ ಕಾಫಿ ಬಿಟ್ಲಾ?" ಅಂತ ನನ್ನ ಕಿವಿಯಲ್ಲಿ. ಕಾಫಿ ಹಣ್ಣೂ ಅಲ್ಲ, ತರಕಾರಿಯೂ ಅಲ್ಲ ಅಂದೆ. ಬೀಜ ಅಲ್ವಾ ಅಂದರು. ಬೆಂಗಳೂರು ಬರೋವರೆಗೂ ಇದೇ ಕಳವಳ. ಚೀಲದಲ್ಲಿ ಬಾಯಿಗೆ ಬೆಸುಗೆ ಹಾಕಿದ ಗಂಗೆಯ ಪುಟ್ಟ ತಂಬಿಗೆಗಳು ಕಟಕಟ ಅಂತಿದ್ದವು. ದೇವನಹಳ್ಳಿಯಲ್ಲಿ ಇಳಿದು ಹೊರಗೆ ಬಂದ ಕೂಡಲೇ ಅತ್ತೆ ಒಂದು ಫಿಲ್ಟರ್ ಕಾಫಿ ಕುಡಿದು ಇನ್ನೊಂದು ಕೇಳಿದರು. "ಆ ಪೊಟ್ಟಣದ ಪುಡಿಗೆ ಅಷ್ಟು ದುಡ್ಡು ಕೊಡ್ತಾರೇನೋ?"

ಹೀಗಿರುವಾಗ ಗೇಟಿನ ಹತ್ತಿರ ಆ ಪ್ರಶ್ನೆ. ಚಪ್ಪರದ ಒಡತಿಗೆ ಏನಂತ ಹೇಳೋದು? ಸೀಬೆಹಣ್ಣು ಅಂತ ಅರ್ಧ ಸತ್ಯ ಹೇಳಿ ಒಳಗೆ ನುಗ್ಗಿದೆವು. ಸಾಯಂಕಾಲ ಚೀಲ ಬಂತು. "ನೀವಿಲ್ಲದೆ ಎಲ್ಲಾ ಬಲಿತುಹೋಗ್ತಿತ್ತು, ಎತ್ತಿಟ್ಟಿದ್ದೆ," ಅಂದರು. ಮೇಲೊಂದು ಮೊಳಕೆ ಬಂದದ್ದು, ನಮ್ಮ ಹಿತ್ತಲಲ್ಲಿ ನೆಡಲು. ನಮ್ಮನೆಯವರು ಊಟದ ಹೊತ್ತಿಗೆ ಪುಣ್ಯವಂತರ ಹಾಗೆ ಕೈ ಅಡ್ಡ ಹಿಡಿದರು. ನನಗೂ ಅತ್ತೆಗೂ ಹುಳಿ. ಇವರಿಗೆ ಬೇರೆ ಸಾರು, ಬೇರೆ ಸೌಟು. ಅತ್ತೆ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ, ಆದರೆ ನಕ್ಕಿದ್ದು ನಿಜ.

ಕಾಶಿಯಿಂದ ಬಂದಮೇಲೆ ಗಂಗಾ ಸಮಾರಾಧನೆ ಆಗಲೇಬೇಕು. ಬಟ್ಟೆ ಇನ್ನೂ ಒಗೆದಿರಲಿಲ್ಲ, ಅಷ್ಟರಲ್ಲೇ ಅಡುಗೆಯವರಿಗೆ ಫೋನು. ಬರುವ ನೆಂಟರು ಯಾರ್‍ಯಾರು, ಅವರು ಏನೇನು ಬಿಟ್ಟಿದ್ದಾರೆ ಅಂತ ನಾನು ಕ್ಯಾಲೆಂಡರಿನ ಹಿಂದೆ ಬರೆಯುತ್ತಾ ಕೂತೆ. ತುಮಕೂರಿನ ಭಾವ ಹುರುಳಿಕಾಯಿ. ದೊಡ್ಡತ್ತೆ ಸಿಹಿಗುಂಬಳ. ಚಿಕ್ಕಮಾವ ಹೀರೇಕಾಯಿ. ಇವರ ದೊಡ್ಡಪ್ಪನ ಮಗ ಬೆಂಡೆ ಮತ್ತು ಎಲೆಕೋಸು, ಅವನದು ಎಲ್ಲದರಲ್ಲೂ ಅತಿ. ಬದನೆಯಂತೂ ಮಾವನವರ ನೆನಪಿಗೆ ಈ ಮನೆಯ ಯಾವ ವಿಶೇಷಕ್ಕೂ ಹಾಕಲ್ಲ.

ಸ್ಪೀಕರಿನಲ್ಲಿ ಅಡುಗೆಯವರು ಉಸಿರುಬಿಟ್ಟರು. "ಅಮ್ಮಾ, ಹಾಗಾದ್ರೆ ಪಲ್ಯಕ್ಕೆ ಏನ್ ಹಾಕ್ಲಿ? ಆಲೂಗಡ್ಡೆ ಯಾರೂ ಬಿಟ್ಟಿಲ್ವಲ್ಲ?"

"ಇಲ್ಲ, ಹಾಕಿ," ಅಂದೆ.

"ಸ್ವಲ್ಪ ತಡಿಯಮ್ಮ," ಅಂದರು ಅತ್ತೆ.