ಭದ್ರೆಯ ಬಂಡೆಗೆ ಅಂಟಿದ ಕಪ್ಪೆಚಿಪ್ಪಿಗೆ ಎಂಥ ನಕ್ಷೆ ಬೇಕು?

ತುಂಗಾ, ಭದ್ರಾ ನದಿಗಳ ಹಾಸುಬಂಡೆಗೆ ಅಂಟಿಕೊಂಡೇ ಬದುಕುವ ಕಪ್ಪೆಚಿಪ್ಪು ಒಂದಿದೆ: ಸ್ಯೂಡೋಮುಲ್ಲೇರಿಯಾ ಡಾಲಿ. 1898ರಲ್ಲಿ ಆಗಿನ ಕಡೂರು ಜಿಲ್ಲೆಯ ಭದ್ರಾ ನದಿಯಲ್ಲಿ ಸಿಕ್ಕ ಚಿಪ್ಪಿನಿಂದ ಇದನ್ನು ಮೊದಲು ವಿವರಿಸಲಾಯಿತು. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದೆ. ಸಿಹಿನೀರಿನ ಬೇರೆ ಕಪ್ಪೆಚಿಪ್ಪುಗಳು ಹೆಚ್ಚಾಗಿ ಮರಳಲ್ಲಿ ಹುದುಗಿ ನಿಧಾನವಾಗಿಯಾದರೂ ಸರಿಯುತ್ತವೆ. ಇದು ಒಮ್ಮೆ ಅಂಟಿತೆಂದರೆ ಮುಗಿಯಿತು, ಹೂಳು ಬಂದರೂ ನೀರು ಬತ್ತಿದರೂ ಅಲ್ಲೇ.

ನದಿಯ ಯಾವ ಭಾಗವನ್ನು ಮೊದಲು ಕಾಪಾಡಬೇಕು ಎಂದು ಹೇಳಲು, ಜೀವಿ ಎಲ್ಲೆಲ್ಲಿ ಇರಬಹುದು ಎಂದು ಅಂದಾಜಿಸಿ ಅಂಕ ಕೊಡುವ ಕಂಪ್ಯೂಟರ್ ಮಾದರಿ ಬೇಕೇ ಬೇಕು. ಇಡೀ ನದಿಯನ್ನು ಮುಳುಗಿ ಹುಡುಕುವಷ್ಟು ಜನ ನಮ್ಮಲ್ಲಿಲ್ಲ. ಆದರೆ ಕಾಡುಪ್ರಾಣಿಗೆ ಮಾಡುವ ಮಾದರಿಯನ್ನು ಹಾಗೇ ತಂದು ನದಿಗೆ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಸುಲಭಕ್ಕೆ ಸಿಗುವ ಹವಾಮಾನ ದತ್ತಾಂಶದ ಒಂದು ಚೌಕ ಸುಮಾರು 1 ಕಿ.ಮೀ. ಅದರೊಳಗೆ ಕಾಫಿ ತೋಟ, ಗುಡ್ಡ, ರಸ್ತೆ ಎಲ್ಲ ಬರುತ್ತವೆ. ನದಿ ಅದರಲ್ಲೊಂದು ಸಣ್ಣ ಗೆರೆ. ಆಗ ‘ಇಳಿಜಾರು’ ಎಂದು ಮಾದರಿ ಓದುವುದು ಗುಡ್ಡದ ಇಳಿಜಾರನ್ನು, ನದಿಯದ್ದನ್ನಲ್ಲ.

ಹಾಗಾಗಿ ಮೊದಲ ಕೆಲಸ, ನದಿಯನ್ನು 500 ಮೀಟರಿನಿಂದ 1 ಕಿ.ಮೀ. ಉದ್ದದ ತುಂಡುಗಳಾಗಿ ಕತ್ತರಿಸುವುದು. ಪ್ರತಿ ತುಂಡಿಗೂ ನದಿಪಾತ್ರದ ಇಳಿಜಾರು, ಮೇಲಿನ ಜಲಾನಯನದ ವಿಸ್ತೀರ್ಣ, ಅದರಲ್ಲಿ ಕಾಡು ಎಷ್ಟು ತೋಟ ಎಷ್ಟು, ಅಣೆಕಟ್ಟು ಎಷ್ಟು ದೂರ ಎಂಬುದನ್ನು ಸೇರಿಸಬೇಕು. ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ, 30 ಮೀಟರ್ ಚೌಕದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಮಲೆನಾಡಿನಲ್ಲಿ ಕೈಕೊಡುತ್ತದೆ. ದಟ್ಟ ಕಾಡಿನಲ್ಲಿ ಅದು ಅಳೆಯುವುದು ನೆಲವನ್ನಲ್ಲ, ಹೆಚ್ಚುಕಡಿಮೆ ಮರದ ನೆತ್ತಿಯನ್ನು. ಸರಿಪಡಿಸದಿದ್ದರೆ ನೀರು ಮೇಲಕ್ಕೆ ಹರಿಯುವಂತೆ ಲೆಕ್ಕ ಬರುತ್ತದೆ. ಹಾಸುಬಂಡೆ ಎಲ್ಲಿದೆ ಎಂಬುದಕ್ಕಂತೂ ಸಿದ್ಧ ನಕ್ಷೆಯೇ ಇಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ನೀರು ಇಳಿದಾಗಿನ ಉಪಗ್ರಹ ಚಿತ್ರ ನೋಡಿ ಕೈಯಾರೆ ಗುರುತಿಸಬೇಕು. ಬೇಸರದ ಕೆಲಸ, ನಿಜ. ಆದರೆ ಈ ಜೀವಿಗೆ ಬಂಡೆಯೇ ಮನೆ. ಅದನ್ನು ಬಿಟ್ಟ ಮಾದರಿ ಯಾತಕ್ಕೂ ಬಾರದು.

ಜೀವಿ ಸಿಕ್ಕ ದಾಖಲೆಗಳಲ್ಲೂ ಎರಡು ತೊಡಕಿವೆ. ಸಮೀಕ್ಷೆಗೆ ಹೋದವರು ಇಳಿಯುವುದು ಸೇತುವೆ, ದೇವಸ್ಥಾನದ ಮೆಟ್ಟಿಲು ಇರುವ ಕಡೆ. ಆ ಬಿಂದುಗಳನ್ನು ಹಾಗೇ ಕೊಟ್ಟರೆ ‘ರಸ್ತೆಯ ಪಕ್ಕವೇ ಒಳ್ಳೆಯ ನೆಲೆ’ ಎಂದು ಮಾದರಿ ಕಲಿಯುತ್ತದೆ. ಒಂದು ತುಂಡಿಗೆ ಒಂದೇ ದಾಖಲೆ ಇಟ್ಟುಕೊಂಡು, ಮಾದರಿ ಅದರೊಂದಿಗೆ ಹೋಲಿಸಿ ನೋಡುವ ಬಿಂದುಗಳನ್ನೂ ನಿಜವಾಗಿ ಹುಡುಕಿದ ಜಾಗಗಳಿಂದಲೇ ಆರಿಸಬೇಕು. ಇನ್ನೊಂದು, ಸತ್ತ ಮೇಲೂ ಅಂಟಿದ ಚಿಪ್ಪು ಬಂಡೆಯ ಮೇಲೇ ಉಳಿಯುತ್ತದೆ. ಅದನ್ನು ನೋಡಿ ‘ಇದೆ’ ಎಂದು ಬರೆದುಕೊಂಡರೆ, ಕಾಪಾಡಲು ಹೊರಡುವುದು ಸ್ಮಶಾನವನ್ನು.

ಜೀವಂತ ಇದ್ದರೂ ಸಾಲದು, ಚಿಕ್ಕ ಚಿಪ್ಪುಗಳೂ ಇರಬೇಕು. ಈ ಕುಟುಂಬದ ಕಪ್ಪೆಚಿಪ್ಪುಗಳ ಮರಿ ಮೊದಲು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿ ಬೆಳೆಯುತ್ತದೆ. ಕಿಂಡಿ ಅಣೆಕಟ್ಟು, ಕಿರು ಜಲವಿದ್ಯುತ್ ಕಟ್ಟೆ ಮೀನನ್ನು ತಡೆದರೆ ಕೆಳಗಿನ ಚಿಪ್ಪುಗಳು ವರ್ಷಗಟ್ಟಲೆ ಬದುಕಿದ್ದರೂ ಮೇಲಿನ ಬಂಡೆಗೆ ಅಲ್ಲಿಂದ ಹೊಸ ಮರಿ ಬರುವುದಿಲ್ಲ. ಆದ್ದರಿಂದ ಆದ್ಯತೆಯ ಪಟ್ಟಿಯಲ್ಲಿ ನನ್ನ ಪ್ರಕಾರ ಮೇಲೆ ಬರಬೇಕಾದ್ದು ಹೆಚ್ಚು ಅಂಕ ಬಂದ ಬಿಡಿ ತುಂಡಲ್ಲ. ತಡೆ ಇಲ್ಲದೆ ಕೂಡಿಕೊಂಡಿರುವ, ಮರಿ ಸಿಕ್ಕಿರುವ ಸಾಲು. ಜೊತೆಗೆ ಅದರ ಮೇಲಿನ ಜಲಾನಯನವೂ ಸೇರಬೇಕು. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮಗಳು, ಶೃಂಗೇರಿಯ ದೇವರ ಮೀನಿನ ಮಡು ಇಂಥ ಸಾಲಿಗೆ ಸಿಕ್ಕರೆ ಅಲ್ಲಿಂದಲೇ ಶುರು ಮಾಡಬಹುದು. ಮೀನು ಹಿಡಿಯದ ಕಟ್ಟುಪಾಡು ಅಲ್ಲಿ ಆಗಲೇ ಇದೆ.

ಮಾದರಿಯ ಪರೀಕ್ಷೆಗೂ ಅಲ್ಲೊಂದು ಇಲ್ಲೊಂದು ಬಿಂದು ತೆಗೆದಿಡಬೇಡಿ, ಅಕ್ಕಪಕ್ಕದವು ಒಂದೇ ಥರ ಇರುವುದರಿಂದ ಅಂಕ ಸುಳ್ಳೇ ಚೆನ್ನಾಗಿ ಬರುತ್ತದೆ. ಭದ್ರೆಯಲ್ಲಿ ಕಲಿಸಿ, ತುಂಗೆಯಲ್ಲಿ ಪರೀಕ್ಷಿಸಿ. ಆಮೇಲೆ ಬೇಸಿಗೆಯಲ್ಲಿ ನೀರಿಗಿಳಿಯುವಾಗ ಮಾದರಿ ‘ಇಲ್ಲ’ ಎಂದ ತುಂಡುಗಳಿಗೂ ಅಷ್ಟೇ ಹೊತ್ತು ಕೊಟ್ಟು ಹುಡುಕಿ.