ನರಕ್ಕೊಂದು ಗುಲಾಬಿ ಡಬ್ಬಿ

ನೋವು ಇರುವುದು ನನ್ನ ಎಡಗಾಲಿನಲ್ಲಿ. ಪರಿಹಾರ ಇರುವುದು ಗುಲಾಬಿ ಬಣ್ಣದ ಮಾತ್ರೆ ಡಬ್ಬಿಯಲ್ಲಿ. ಡಬ್ಬಿಯ ಮೇಲೆ ಒಬ್ಬ ಹೆಂಗಸು ಸೊಂಟ ಹಿಡಿದುಕೊಂಡು ನಗುತ್ತಿದ್ದಾಳೆ. ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಬಂದವರು ಹೀಗೆ ನಗುವುದನ್ನು ನಾನಂತೂ ನೋಡಿಲ್ಲ. ನಮಗೆ ಸೀನು ಬರುವ ಹಾಗಾದರೂ ಸಾಕು, ಮೊದಲು ಗೋಡೆ ಹುಡುಕುತ್ತೇವೆ.

ಡಬ್ಬಿ ತಂದುಕೊಟ್ಟಿದ್ದು ನಮ್ಮ ಅತ್ತಿಗೆ. ಅವರಿಗೆ ಸಯಾಟಿಕಾ ಇಲ್ಲ, ಅಭಿಪ್ರಾಯ ಇದೆ. "ಮೂರು ತಿಂಗಳು ಬಿಡದೆ ತಗೋ, ಆಮೇಲೆ ನನ್ನನ್ನೇ ನೆನೆಸ್ಕೊಳ್ತೀಯ" ಅಂದರು.

ಈ ಮೂರು ತಿಂಗಳ ಲೆಕ್ಕ ಹಾಕಿದವರಿಗೆ ನಿಜಕ್ಕೂ ಕೈ ಮುಗಿಯಬೇಕು. ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ಬಂದ ಸಯಾಟಿಕಾ ಬಹಳ ಜನರಿಗೆ 6ರಿಂದ 12 ವಾರದಲ್ಲಿ ತಾನಾಗಿಯೇ ತಗ್ಗುತ್ತದೆ. ಹೊರಗೆ ಬಂದ ಲೋಳೆಯನ್ನು ದೇಹದ ಕಸ ಗುಡಿಸುವ ಜೀವಕೋಶಗಳೇ ಸ್ವಲ್ಪ ಸ್ವಲ್ಪವಾಗಿ ತಿಂದು ಮುಗಿಸುತ್ತವೆ. ಸಂಬಳವಿಲ್ಲ, ರಜೆಯಿಲ್ಲ, ಡಬ್ಬಿಯ ಮೇಲೆ ಫೋಟೋನೂ ಇಲ್ಲ. ಅಷ್ಟರಲ್ಲಿ ಕೋರ್ಸೂ ಮುಗಿದಿರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಈಗ ಆ ಕಾಗೆಯನ್ನೇ ಕೊಂಬೆ ಮುರಿಯುವ ಯಂತ್ರ ಅಂತ ಮಾರುತ್ತಿದ್ದಾರೆ, ಅಷ್ಟೇ.

ಸ್ವಲ್ಪ ಈ ಸಯಾಟಿಕ್ ನರದ ವಿಚಾರ. ಇದು ದೇಹದಲ್ಲೇ ದಪ್ಪನೆಯ ನರ, ಹೆಚ್ಚುಕಡಿಮೆ ಬೆರಳಿನಷ್ಟು. ಬೆನ್ನಿನ ಕೆಳಭಾಗದಲ್ಲಿ ಬೆನ್ನೆಲುಬಿನಿಂದ ಹೊರಡುವ ಐದು ಬೇರು (ಡಾಕ್ಟರ ಲೆಕ್ಕದಲ್ಲಿ ಎಲ್4ರಿಂದ ಎಸ್3) ಸೇರಿ ಹುಟ್ಟುತ್ತದೆ. ಕುಂಡೆಯ ಒಳಗಿಂದ ತೊಡೆಯ ಹಿಂದಕ್ಕೆ ಇಳಿದು, ಮಂಡಿಯ ಹತ್ತಿರ ಕವಲೊಡೆದು ಪಾದ ಮುಟ್ಟುತ್ತದೆ. ಬಹಳ ಸಲ ತಕರಾರು ಇರುವುದು ಸೊಂಟದ ಡಿಸ್ಕ್‌ನಲ್ಲಿ, ಉರಿಯುವುದು ಮೀನಖಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈಗ ಎಮ್ಮೆಯನ್ನೂ ಬಿಟ್ಟು ಹೊಟ್ಟೆಗೆ ಬರೆ ಹಾಕುವ ಕಾಲ ಬಂದಿದೆ.

ಡಬ್ಬಿಯ ಹಿಂದೆ ಏನೇನಿದೆ ಅಂತ ಓದಿದೆ. ಮೊದಲನೆಯದು ಗ್ಲುಕೋಸಮೈನ್, ಕೀಲುನೋವಿಗೆ ಅಂತ ಮಾರುವ ವಸ್ತು. 2010ರಲ್ಲಿ ನಾರ್ವೆಯಲ್ಲಿ, ಬೆನ್ನೆಲುಬು ಸವೆದು ತುಂಬಾ ದಿನದಿಂದ ಸೊಂಟನೋವು ಇದ್ದ 250 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದರು. ಅರ್ಧ ಜನಕ್ಕೆ ಆರು ತಿಂಗಳು, ದಿನಕ್ಕೆ 1500 ಮಿಲಿಗ್ರಾಂ. ಉಳಿದವರಿಗೆ ಏನೂ ಇಲ್ಲದ ಹುಸಿ ಮಾತ್ರೆ. ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಹುಸಿ ಮಾತ್ರೆಯನ್ನೇ ಗುಲಾಬಿ ಡಬ್ಬಿಗೆ ಹಾಕಿ ಮಾರುವಷ್ಟು ಪ್ರಾಮಾಣಿಕರು ಇನ್ನೂ ಹುಟ್ಟಿಲ್ಲ.

ಎರಡನೆಯದು ಕೊಲಾಜನ್. ಇದು ಹೊಟ್ಟೆಗೆ ಹೋದ ಮೇಲೆ ಬೇರೆ ಯಾವುದೇ ಪ್ರೋಟೀನ್ ಹಾಗೆಯೇ ಅರೆದು ಚೂರುಚೂರು. "ನಾನು ಡಿಸ್ಕ್‌ಗೆ ಹೊರಟವನು, ದಾರಿ ಬಿಡಿ" ಅಂತ ಅದು ಹೇಳುವುದಿಲ್ಲ. ಹೇಳಿದರೂ ಕಷ್ಟವೇ. ದೊಡ್ಡವರ ಡಿಸ್ಕ್‌ನ ಒಳಗಡೆ ರಕ್ತನಾಳವೇ ಇಲ್ಲ. ಅಕ್ಕಪಕ್ಕದ ಮೂಳೆಯ ಅಂಚಿನಿಂದ ಒಸರಿ ಬಂದದ್ದೇ ಅದರ ಊಟ. ಬಸ್ಸು ಹೋಗದ ಊರಿಗೆ ನಾವು ರಿಸರ್ವೇಶನ್ ಮಾಡಿಸಿ ಕೂತಿದ್ದೇವೆ.

ನನಗೆ ನಿಜವಾಗಿ ಜೋಮು ಹಿಡಿಸಿದ್ದು ಮೂರನೆಯದು. ವಿಟಮಿನ್ ಬಿ6, 'ನರಗಳ ಗೆಳತಿ'. ದೊಡ್ಡವರಿಗೆ ದಿನಕ್ಕೆ ಬೇಕಿರುವುದು ಒಂದೂವರೆ ಮಿಲಿಗ್ರಾಂ ಆಸುಪಾಸು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದಿನಕ್ಕೆ 12 ಮಿಲಿಗ್ರಾಂ ದಾಟಬೇಡಿ ಅಂತ ಗೆರೆ ಎಳೆದಿದೆ. ಗೆಳತಿ ಈ ಡಬ್ಬಿಯಲ್ಲಿ 50 ಇದ್ದಾಳೆ. ಪಕ್ಕದ ಮೆಗ್ನೀಸಿಯಂ ಡಬ್ಬಿಯಲ್ಲೂ ಸ್ವಲ್ಪ ಇದ್ದಾಳೆ, ಮಲ್ಟಿವಿಟಮಿನ್‌ನಲ್ಲೂ ಇದ್ದಾಳೆ. ಬಿ6 ಜಾಸ್ತಿಯಾಗಿ ಬಹಳ ದಿನ ಹೋದರೆ ಏನಾಗುತ್ತದೆ ಗೊತ್ತಾ? ನರಗಳಿಗೇ ಪೆಟ್ಟು. ಪಾದ ಜುಮ್ಮೆನ್ನುತ್ತದೆ, ಮರಗಟ್ಟುತ್ತದೆ. ಅಂದರೆ ಯಾವುದಕ್ಕೆ ನುಂಗಿದೆವೋ ಅದೇ. ಆಗ ಅತ್ತಿಗೆ ಏನು ಹೇಳುತ್ತಾರೆ ಅಂತ ನನಗೆ ಈಗಲೇ ಗೊತ್ತು. "ಇನ್ನೂ ಕಡಿಮೆ ಆಗಿಲ್ವಾ? ಎರಡೆರಡು ತಗೋ."

ಬಿ12 ಪಾಪ, ಅದರ ಮೇಲೆ ನನಗೆ ಸಿಟ್ಟಿಲ್ಲ. ರಕ್ತ ಪರೀಕ್ಷೆಯಲ್ಲಿ ಕಡಿಮೆ ಅಂತ ಬಂದರೆ ತೆಗೆದುಕೊಳ್ಳಲೇಬೇಕು. ಆದರೆ ಒತ್ತಿಕೊಂಡ ನರವನ್ನು ಅದು ಬಿಡಿಸುವುದಿಲ್ಲ.

ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. ಓದಲು ದೀಪದ ಕೆಳಗೆ ಬಗ್ಗಿದೆ. ಸೊಂಟದಿಂದ ಹಿಮ್ಮಡಿವರೆಗೆ ಚಳಕು ಹೊಡೆಯಿತು. ಅಲ್ಲಿದ್ದದ್ದು ಇಷ್ಟು: ಈ ಉತ್ಪನ್ನ ಯಾವ ರೋಗವನ್ನೂ ಗುಣಪಡಿಸಲು ಉದ್ದೇಶಿಸಿದ್ದಲ್ಲ.

ಸರಿ, 'ಹೆಂಗಸರಿಗಾಗಿಯೇ' ಅಂತ ದೊಡ್ಡದಾಗಿ ಬರೆದಿದ್ದಾರಲ್ಲ, ಆ ವಿಶೇಷ ಏನು? ಬಸಿರಿನಲ್ಲಿ ಬರುವ ಸೊಂಟ-ಕಾಲು ನೋವಿನ ಬಗ್ಗೆ ಒಂದಕ್ಷರ ಇಲ್ಲ. ತಿಂಗಳ ಮುಟ್ಟಿನ ಜೊತೆಗೇ ಕಾಲುನೋವು ಬಂದು ಹೋಗುತ್ತಿದ್ದರೆ, ಅಪರೂಪಕ್ಕೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಆ ನರವನ್ನು ಮುಟ್ಟಿರಬಹುದು. ಅದೂ ಇಲ್ಲ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗಿ ಬೆನ್ನೆಲುಬು ಕುಸಿಯುವುದೂ ಇಲ್ಲ. ತೊಡೆಸಂದು ಮರಗಟ್ಟಿದರೆ, ಮೂತ್ರದ ಮೇಲೆ ಹತೋಟಿ ತಪ್ಪಿದರೆ, ಪಾದ ಎತ್ತಲು ಆಗದಿದ್ದರೆ ಡಬ್ಬಿ ಬಿಸಾಕಿ ಆಸ್ಪತ್ರೆಗೆ ಓಡಿ ಅಂತಲೂ ಇಲ್ಲ. ವಿಶೇಷ ಅಂದರೆ ಗುಲಾಬಿ ಬಣ್ಣವೇ ಇರಬೇಕು.

ಇನ್ನು ವ್ಯಾಯಾಮ. ಫಿಸಿಯೋಥೆರಪಿಸ್ಟ್ ಒಂದು ಹಾಳೆ ಕೊಟ್ಟಿದ್ದರು, ಅದರಲ್ಲಿ ಮೂರು ಚಿತ್ರ. ಪುಕ್ಕಟೆ ಹಾಳೆಗೆ ಮನೆಯಲ್ಲಿ ಮರ್ಯಾದೆ ಎಲ್ಲಿಂದ ಬರಬೇಕು? ಸದ್ಯ ಅದು ಡಬ್ಬಿಯ ಕೆಳಗಿದೆ, ಮೇಜಿಗೆ ಕಲೆಯಾಗದಿರಲಿ ಅಂತ. ವ್ಯಾಯಾಮವೂ ಮಂತ್ರವೇನಲ್ಲ, ನಿಧಾನಕ್ಕೆ ಅಷ್ಟಿಷ್ಟು ಅನುಕೂಲ. ಹಾಸಿಗೆ ಹಿಡಿದು ಮಲಗುವುದರಿಂದ ಅಷ್ಟೂ ಇಲ್ಲ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 183 ರೋಗಿಗಳ ಮೇಲೆ ಪರೀಕ್ಷೆ ಆಯಿತು. ಎರಡು ವಾರ ಮಲಗಿದವರಲ್ಲೂ, ಓಡಾಡಿಕೊಂಡಿದ್ದವರಲ್ಲೂ 12 ವಾರದ ಹೊತ್ತಿಗೆ ಸುಧಾರಿಸಿದವರು ಒಂದೇ ಸಮ, ಶೇಕಡಾ 87. ಆದರೂ "ರೆಸ್ಟ್ ತಗೊಳ್ಳಮ್ಮಾ" ಅನ್ನುವವರು ಕಡಿಮೆಯಾಗಿಲ್ಲ. ಹೇಳಿದ ಮೇಲೆ "ಊಟಕ್ಕೇನು?" ಅಂತಲೂ ಕೇಳುತ್ತಾರೆ.

ಹಾಳೆಯ ಮೊದಲ ಚಿತ್ರದ ಹಿಂದೆ ಒಂದು ಕಥೆ ಇದೆ. 1956, ನ್ಯೂಜಿಲೆಂಡ್. ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಒಬ್ಬ ರೋಗಿಗೆ ಒಳಗೆ ಹೋಗಿ ಬೋರಲಾಗಿ ಮಲಗಿ ಅಂದರು. ಮಂಚದ ಒಂದು ತುದಿಯನ್ನು ಯಾರೋ ಮೇಲೆತ್ತಿ ಬಿಟ್ಟಿದ್ದರು. ಆ ಮನುಷ್ಯ ಬೆನ್ನು ಹಿಂದಕ್ಕೆ ಬಾಗಿಸಿಕೊಂಡೇ ಮಲಗಿಬಿಟ್ಟ. ಐದು ನಿಮಿಷ ಬಿಟ್ಟು ಬಂದು ನೋಡಿದ ಮೆಕೆಂಜಿಗೆ ಗಾಬರಿ. ರೋಗಿ ಮಾತ್ರ ಹಾಯಾಗಿದ್ದ, ವಾರಗಟ್ಟಲೆ ಕಾಡಿದ ಕಾಲುನೋವು ಮಾಯ! ನೋವು ಕಾಲಿನಿಂದ ಸೊಂಟದ ಕಡೆಗೆ ಹಿಂದೆ ಸರಿದರೆ ಒಳ್ಳೆಯ ಲಕ್ಷಣ, ಪಾದದ ಕಡೆಗೆ ಇಳಿದರೆ ಆ ವ್ಯಾಯಾಮ ನಿಲ್ಲಿಸಿ ಅನ್ನುವುದು ಮುಂದೆ ಮೆಕೆಂಜಿ ಕಟ್ಟಿದ ವ್ಯಾಯಾಮ ಪದ್ಧತಿಯ ಮುಖ್ಯ ಪಾಠ. ನನ್ನ ಗಮನ ಹೋಗಿದ್ದು ಮಾತ್ರ ಬೇರೆ ಕಡೆ. ಐದು ನಿಮಿಷ ಆ ಮನುಷ್ಯನನ್ನು ಯಾರೂ ಕರೆಯಲಿಲ್ಲ!

ಇವತ್ತು ಬೆಳಿಗ್ಗೆ ನಾನೂ ನೆಲದ ಮೇಲೆ ಬೋರಲು ಬಿದ್ದೆ. ಮೊದಲನೇ ನಿಮಿಷಕ್ಕೆ ಚಾರ್ಜರ್ ಎಲ್ಲಿ ಅಂತ ಪ್ರಶ್ನೆ ಬಂತು. ಎರಡನೆಯದಕ್ಕೆ ಒಬ್ಬರು ನನ್ನನ್ನು ದಾಟಿಕೊಂಡು ಹೋದರು. ಮೂರನೆಯದಕ್ಕೆ "ಮಾತ್ರೆ ತಗೊಂಡ್ಯಾ?" ಅಂತ ಒಳಗಿಂದ ಕೂಗು. ಮಲಗಿದಲ್ಲಿಂದಲೇ ಮೇಜಿನ ಮೇಲಿನ ಡಬ್ಬಿ ಕಾಣಿಸುತ್ತಿತ್ತು. ಪಕ್ಕದಲ್ಲಿ ದಪ್ಪಕ್ಷರ: 'ತಂಪಾದ, ನೆರಳಿರುವ ಜಾಗದಲ್ಲಿ ಇಡಿ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.'