ಕೂರುವ ಸೇವೆ, ಕುರ್ಚಿ ಹೊರುವ ಸೇವೆ

ಸ್ವಯಂಸೇವೆಯನ್ನು ಪ್ರೋತ್ಸಾಹಿಸುವ ಯಾವುದಾದರೂ ಸಂಸ್ಥೆಯ ಲೆಟರ್‌ಹೆಡ್ ಕೈಗೆ ಸಿಕ್ಕಿದರೆ ಸುಮ್ನೆ ಒಮ್ಮೆ ಕಣ್ಣಾಡಿಸಿ. ಎಡಗಡೆ ಮೇಲಿಂದ ಕೆಳಗಿನ ತನಕ ಬರೀ ಹೆಸರು. ಮಹಾಪೋಷಕರು, ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ನಾಲ್ವರು ಉಪಾಧ್ಯಕ್ಷರು, ಪ್ರಧಾನ ಕಾರ್ಯದರ್ಶಿ, ಅಷ್ಟೇನೂ ಪ್ರಧಾನರಲ್ಲದ ಮೂವರು ಕಾರ್ಯದರ್ಶಿಗಳು, ಖಜಾಂಚಿ. ಇಷ್ಟಾದ ಮೇಲೆ ಒಂದು ಗೆರೆ. ಗೆರೆಯ ಕೆಳಗೆ ಸಲಹಾ ಮಂಡಳಿ. ಅಲ್ಲಿ ಇನ್ನೂ ಹನ್ನೆರಡು ಜನ. ಪತ್ರ ಬರೆಯಲು ಉಳಿದಿರುವುದು ಬಲಗಡೆಯ ಸಣ್ಣ ಜಾಗ. ಅಲ್ಲಿ ಬರೆದಿರುವುದು ಒಂದೇ ವಿಷಯ: ‘ನಮ್ಮಲ್ಲಿ ಕೆಲಸ ಮಾಡುವ ಕೈಗಳ ಕೊರತೆ ಇದೆ. ದಯವಿಟ್ಟು ಮುಂದೆ ಬನ್ನಿ.’

ಎಡಗಡೆ ಇರುವವರಿಗೆ ತಲಾ ಎರಡರಂತೆ ಲೆಕ್ಕ ಹಾಕಿದರೂ ಐವತ್ತು ಕೈ ಆಗುತ್ತವೆ, ಅಲ್ವಾ? ಆದರೆ ಅವು ಬೇರೆ ಕೈಗಳು. ಸಹಿ ಹಾಕುವುದಕ್ಕೆ, ದೀಪ ಹಚ್ಚುವುದಕ್ಕೆ, ಮೈಕು ಹಿಡಿಯುವುದಕ್ಕೆ ಇರುವಂಥವು.

ಇವರ ಪರಿಚಯ ಪುಸ್ತಿಕೆ ಇನ್ನೂ ಚೆನ್ನಾಗಿರುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಫೋಟೋ. ಎಲ್ಲರೂ ಕೈಕಟ್ಟಿ ನಿಂತಿರುತ್ತಾರೆ. ಜನರಿಗೆ ‘ಕೈಜೋಡಿಸಿ’ ಅಂತ ಕರೆ ಕೊಡುವ ಸಂಸ್ಥೆಯಲ್ಲಿ ಕೈಕಟ್ಟಿ ನಿಲ್ಲುವುದೇ ಅಧಿಕೃತ ಭಂಗಿ. ಫೋಟೋದ ಕೆಳಗೆ ಬರಹ: ‘ಇವರು ಮೂರು ಖಂಡಗಳಲ್ಲಿ ಕಂಪನಿಗಳನ್ನು ಮುನ್ನಡೆಸಿದ್ದಾರೆ. ಬದಲಾವಣೆಯ ಹರಿಕಾರರು. ಬಿಡುವಿದ್ದಾಗ ಮ್ಯಾರಥಾನ್ ಓಡುತ್ತಾರೆ, ಪಕ್ಷಿಗಳ ಫೋಟೋ ತೆಗೆಯುತ್ತಾರೆ. ಹೆಂಡತಿ, ಇಬ್ಬರು ಮಕ್ಕಳು ಮತ್ತು ಒಂದು ನಾಯಿಯ ಜೊತೆ ವಾಸವಾಗಿದ್ದಾರೆ.’ ಎಲ್ಲ ಗೊತ್ತಾಯಿತು. ನಾಯಿ ಇರುವುದೂ ಗೊತ್ತಾಯಿತು. ಇವರು ಈ ಸಂಸ್ಥೆಗೆ ಏನು ಮಾಡಿದ್ದಾರೆ ಅನ್ನುವುದೊಂದು ಗೊತ್ತಾಗಲಿಲ್ಲ. ಹನ್ನೆರಡು ಪರಿಚಯ ಓದಿದರೂ ಅಷ್ಟೇ. ಇವರಲ್ಲಿ ಒಬ್ಬರಾದರೂ ಯಾವತ್ತೋ ಒಂದು ದಿನ ಯಾರದೋ ಮನೆಗೆ ಹೋಗಿ ಏನೋ ಒಂದು ಕೆಲಸ ಮಾಡಿಕೊಟ್ಟರು ಅನ್ನುವ ಸಾಲು ಮಾತ್ರ ಸಿಗುವುದಿಲ್ಲ.

ಲೆಟರ್‌ಹೆಡ್ಡಿನಲ್ಲಿ ಆ ಗೆರೆ ಯಾಕಿದೆ ಅಂತ ಹೇಳಬೇಕು. ಗೆರೆಯ ಮೇಲಿರುವ ಆಡಳಿತ ಮಂಡಳಿ ಅಂದರೆ ತಮಾಷೆ ಅಲ್ಲ. ಬಹಳಷ್ಟು ದೇಶಗಳ ಕಾನೂನಿನಲ್ಲಿ ಅದಕ್ಕೆ ಹೊಣೆ ಇದೆ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ನೋಡಬೇಕು. ತನ್ನ ಲಾಭಕ್ಕಿಂತ ಸಂಸ್ಥೆಯ ಹಿತವನ್ನು ಮುಂದಿಡಬೇಕು. ಎಚ್ಚರ ತಪ್ಪಿದರೆ ಕೋರ್ಟಿಗೆ ಉತ್ತರ ಕೊಡಬೇಕಾಗಬಹುದು. ಗೆರೆಯ ಕೆಳಗಿನವರಿಗೆ ಇದ್ಯಾವುದೂ ಇಲ್ಲ. ವೋಟಿಲ್ಲ, ಹೊಣೆಯಿಲ್ಲ, ಸಹಿಯಿಲ್ಲ. ಕೊಟ್ಟ ಸಲಹೆ ಕೆಟ್ಟರೆ ಕೇಳುವವರಿಲ್ಲ. ಕೊಡದೇ ಇದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಅಕ್ಷರ ಮಾತ್ರ ಎರಡೂ ಕಡೆ ಅಷ್ಟೇ ದಪ್ಪ. ಅದಕ್ಕೇ ಬುದ್ಧಿವಂತರು ಗೆರೆಯ ಕೆಳಗೆ ಜಾಗ ಕೇಳುತ್ತಾರೆ.

ಖಜಾಂಚಿಯನ್ನು ಮಾತ್ರ ಇಲ್ಲಿ ಬಿಟ್ಟುಬಿಡೋಣ. ಪಾಪ, ಎಲ್ಲ ಸಂಸ್ಥೆಯಲ್ಲೂ ರಾತ್ರಿ ಕೂತು ರಸೀದಿ ಹೊಂದಿಸುವ ಒಂದು ಜೀವ ಇರುತ್ತದೆ. ಆ ಹುದ್ದೆಗೆ ಯಾವತ್ತೂ ಚುನಾವಣೆ ನಡೆಯುವುದಿಲ್ಲ. ಯಾರು ಸಭೆಗೆ ಬಂದಿರಲಿಲ್ಲವೋ ಅವರನ್ನೇ ಅವಿರೋಧವಾಗಿ ಆರಿಸಿರುತ್ತಾರೆ.

ಇನ್ನು ಸಭೆ. ಅಧ್ಯಕ್ಷರು, ಸಲಹಾ ಮಂಡಳಿಯ ಹನ್ನೆರಡು ಮಂದಿ, ಜೊತೆಗೆ ಸಂಸ್ಥೆಯಲ್ಲಿ ಸಂಬಳಕ್ಕಿರುವ ಒಬ್ಬಳೇ ಒಬ್ಬಳು ಸಂಯೋಜಕಿ. ವಿಷಯ ಸಣ್ಣದು. ವಾರ್ಷಿಕ ಸಮಾವೇಶಕ್ಕೆ ಇನ್ನೂರು ಕುರ್ಚಿಗಳನ್ನು ಮೇಲಿನ ಮಹಡಿಯಿಂದ ಕೆಳಗಿಳಿಸಬೇಕು.

“ಸರ್, ಶುಕ್ರವಾರ ಸಂಜೆ ನಾಲ್ಕು ಜನ ಸಿಕ್ಕರೆ ಸಾಕು,” ಅಂದಳು ಸಂಯೋಜಕಿ.

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಳ್ಳೆ ವಿಷಯ ಎತ್ತಿದ್ದೀಯಮ್ಮ. ಇದು ಬರೀ ಕುರ್ಚಿ ವಿಷಯ ಅಲ್ಲ. ಇದರ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ.”

ದೊಡ್ಡ ಪ್ರಶ್ನೆ ಅಂದಕೂಡಲೇ ಎಲ್ಲರೂ ನೆಟ್ಟಗೆ ಕೂತರು. ಕುರ್ಚಿ ಅಂದಾಗ ಯಾರೂ ಅಲುಗಾಡಿರಲಿಲ್ಲ. ಇಂದಿನ ಯುವಜನ ಯಾಕೆ ಮುಂದೆ ಬರುತ್ತಿಲ್ಲ ಅಂತ ಒಬ್ಬರು ಕಳವಳಪಟ್ಟರು. ಕುರ್ಚಿ ಇರುವವರನ್ನೂ ಕುರ್ಚಿ ಹೊರುವವರನ್ನೂ ಬೆಸೆಯುವ ಒಂದು ಆ್ಯಪ್ ಬೇಕು ಅಂತ ಇನ್ನೊಬ್ಬರು. ಮೂರನೆಯವರು ಹೊರುವುದು ಅನ್ನುವ ಮಾತನ್ನೇ ಕೈಬಿಡೋಣ, ‘ನಾಯಕತ್ವ ಶಿಬಿರ’ ಅಂತ ಕರೆಯೋಣ, ಸರ್ಟಿಫಿಕೇಟು ಕೊಟ್ಟರೆ ಹುಡುಗರು ತಾವಾಗೇ ಬರುತ್ತಾರೆ ಅಂದರು. ಇದು ನಿಜ. ಬಂದೇ ಬರುತ್ತಾರೆ.

ಒಬ್ಬ ಹಿರಿಯ ಸಲಹೆಗಾರ್ತಿ ವಿಮಾನ ನಿಲ್ದಾಣದಿಂದ ವಿಡಿಯೋದಲ್ಲಿ ಸೇರಿಕೊಂಡಿದ್ದರು. ಕೈ ಆಡಿಸುತ್ತಾ ಏನೋ ಹೇಳುತ್ತಿದ್ದರು, ಕೇಳಿಸುತ್ತಿರಲಿಲ್ಲ. “ಮೇಡಂ, ಮ್ಯೂಟ್‌ನಲ್ಲಿದ್ದೀರಿ,” ಅಂತ ನಾಲ್ಕು ಜನ ಒಟ್ಟಿಗೆ ಕೂಗಿದರು. ಕೊನೆಗೆ ದನಿ ಬಂತು. “ಈವರೆಗೆ ಮಾತಾಡಿದವರೆಲ್ಲರ ಅಭಿಪ್ರಾಯಕ್ಕೂ ನನ್ನ ಪೂರ್ಣ ಸಹಮತ ಇದೆ,” ಅಂದರು. ಲೈನ್ ಕಟ್ಟಾಯಿತು. ಈವರೆಗೆ ಮಾತಾಡಿದವರು ಒಬ್ಬರ ಮಾತನ್ನು ಇನ್ನೊಬ್ಬರು ಹೊಡೆದುಹಾಕುತ್ತಿದ್ದರು ಅನ್ನುವುದು ಬೇರೆ ಮಾತು.

ಕುರ್ಚಿಗಳ ಬಗ್ಗೆ ಉಪಸಮಿತಿ ರಚಿಸುವುದೆಂದು ತೀರ್ಮಾನವಾಯಿತು. ಆಗ ಸಂಯೋಜಕಿ ಮತ್ತೆ ಬಾಯಿಬಿಟ್ಟಳು. “ಸರ್, ನೀವೇ ಇಷ್ಟು ಜನ ಇದ್ದೀರಲ್ಲ. ಈಗಲೇ ಎಲ್ಲರೂ ಮೇಲೆ ಹೋದರೆ ಅರ್ಧ ಗಂಟೇಲಿ ಮುಗಿದುಹೋಗುತ್ತೆ.”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಜೋರಾಗಿ ನಕ್ಕರು. ಹುಡುಗಿ ಜೋಕು ಮಾಡಿದಳು ಅಂದುಕೊಂಡರು. ನಡಾವಳಿ ಪುಸ್ತಕದಲ್ಲಿ ‘ಸಭೆ ಉಲ್ಲಾಸದಿಂದ ನಡೆಯಿತು’ ಅಂತ ದಾಖಲಾಗಿದೆ. ಶುಕ್ರವಾರ ಸಂಜೆ ಕುರ್ಚಿ ಇಳಿಸಿದ್ದು ಸಂಯೋಜಕಿ, ವಾಚ್‌ಮನ್ ಮತ್ತು ಸರ್ಟಿಫಿಕೇಟು ಯಾವಾಗ ಸಿಗುತ್ತೆ ಅಂತ ಕೇಳಲು ಬಂದಿದ್ದ ಇಬ್ಬರು ಹುಡುಗರು.

ಇಲ್ಲಿಗೆ ಮುಗಿದಿದ್ದರೆ ‘ಹೇಳೋರು ಒಬ್ಬರು, ಮಾಡೋರು ಒಬ್ಬರು, ಇದೇನು ಹೊಸದಲ್ಲ’ ಅಂತ ಬಿಟ್ಟುಬಿಡಬಹುದಿತ್ತು. ನಿಜವಾದ ಮಜಾ ಇರುವುದು ಲೆಕ್ಕದಲ್ಲಿ.

ಸ್ವಯಂಸೇವೆಯನ್ನು ಅಳೆಯುವುದಕ್ಕೆಂದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಒಂದು ಕೈಪಿಡಿ ಹೊರತಂದಿತು. ಸಂಬಳ ಇಲ್ಲದೆ, ಬಲವಂತ ಇಲ್ಲದೆ, ತನ್ನ ಮನೆಯವರಲ್ಲದವರಿಗೆ ಮಾಡಿದ ಕೆಲಸವೇ ಸ್ವಯಂಸೇವೆ ಅನ್ನುತ್ತದೆ ಅದು. ಅದಕ್ಕೆ ಬೆಲೆ ಕಟ್ಟುವ ದಾರಿಯನ್ನೂ ತೋರಿಸುತ್ತದೆ. ಅದೇ ಕೆಲಸವನ್ನು ಸಂಬಳ ಕೊಟ್ಟು ಮಾಡಿಸಿದ್ದರೆ ಎಷ್ಟಾಗುತ್ತಿತ್ತೋ ಅಷ್ಟು. ಉದ್ದೇಶ ಒಳ್ಳೆಯದೇ. ಯಾರ ಕಣ್ಣಿಗೂ ಬೀಳದ ದುಡಿಮೆ ದೇಶದ ಲೆಕ್ಕಕ್ಕೆ ಬರಲಿ ಅಂತ. ಆದರೆ ಈ ಅಳತೆಗೋಲು ನಮ್ಮ ಸಲಹೆಗಾರರ ಕೈಗೆ ಸಿಕ್ಕರೆ ಏನಾಗುತ್ತೆ ನೋಡಿ. ಕುರ್ಚಿ ಹೊತ್ತವರ ಗಂಟೆಗೆ ಕೂಲಿಯ ದರ. ಕುರ್ಚಿಯ ಬಗ್ಗೆ ಮಾತಾಡಿದವರ ಗಂಟೆಗೆ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟಿನ ದರ. ಅವರು ಹೊತ್ತ ಎರಡು ಗಂಟೆಗಿಂತ ಇವರು ಕೂತ ಎರಡು ಗಂಟೆ ಎಷ್ಟೋ ಪಟ್ಟು ದೊಡ್ಡ ತ್ಯಾಗ. ಕುರ್ಚಿ ಕೆಳಗಿಳಿಯದೇ ಹೋಗಿದ್ದರೂ ವಾರ್ಷಿಕ ವರದಿ ಅಷ್ಟೇ ಭರ್ಜರಿಯಾಗಿರುತ್ತಿತ್ತು.

ಅಮೆರಿಕದಲ್ಲಿ ಇದಕ್ಕೆ ಬೇರೆ ದಾರಿಯೂ ಇದೆ. ಇಂಡಿಪೆಂಡೆಂಟ್ ಸೆಕ್ಟರ್ ಅನ್ನುವ ಸಂಸ್ಥೆ ಪ್ರತಿ ವರ್ಷ ಸ್ವಯಂಸೇವಕರ ಒಂದು ಗಂಟೆಗೆ ಸರಾಸರಿ ಬೆಲೆ ಘೋಷಿಸುತ್ತದೆ. 2023ರ ಲೆಕ್ಕಕ್ಕೆ ಅದು 33.49 ಡಾಲರ್ ಇತ್ತು. ಕೂತವರಿಗೂ ಅದೇ, ಹೊತ್ತವರಿಗೂ ಅದೇ. ಇಂಥ ಸಮಾನತೆಯನ್ನು ನಮ್ಮ ಮಂಡಳಿ ಭಾಷಣದಲ್ಲಿ ಮಾತ್ರ ಒಪ್ಪುತ್ತದೆ.

ಅಲ್ಲಿನ ತೆರಿಗೆ ಇಲಾಖೆ ಲಾಭರಹಿತ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ‘ಫಾರಂ 990’ ತುಂಬಿಸಿಕೊಳ್ಳುತ್ತದೆ. ಅದರ ಮೊದಲ ಪುಟದಲ್ಲೇ ಒಂದು ಸಾಲಿದೆ: ಒಟ್ಟು ಸ್ವಯಂಸೇವಕರು ಎಷ್ಟು? ಪಕ್ಕದಲ್ಲೇ ಬೇಕಿದ್ದರೆ ಅಂದಾಜು ಮಾಡಿ ಅನ್ನುವ ಸೂಚನೆಯೂ ಇದೆ. ದುಡ್ಡಿನ ವಿಷಯದಲ್ಲಿ ತೆರಿಗೆಯವರು ಇಂಥ ಉದಾರ ಮನಸ್ಸು ತೋರಿಸಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಅದೇ ಫಾರಂನಲ್ಲಿ ಪದಾಧಿಕಾರಿಗಳು ಒಬ್ಬೊಬ್ಬರ ಹೆಸರನ್ನೂ ಬರೆದು, ಅವರು ವಾರಕ್ಕೆ ಸರಾಸರಿ ಎಷ್ಟು ಗಂಟೆ ಕೊಡುತ್ತಾರೆ ಅಂತಲೂ ಹೇಳಬೇಕು. ಸ್ವಯಂಸೇವಕರು ಅಂದಾಜಿನಲ್ಲಿ, ಪದಾಧಿಕಾರಿಗಳು ಹೆಸರು ಸಮೇತ ಗಂಟೆಯ ಲೆಕ್ಕದಲ್ಲಿ. ಸಲಹಾ ಮಂಡಳಿಗೆ ಅಲ್ಲಿ ಕಾಲಂ ಇಲ್ಲ. ಅದು ಊಟಕ್ಕಿಲ್ಲದ ಉಪ್ಪಿನಕಾಯಿ ಅಂತ ತೆರಿಗೆಯವರಿಗೂ ಗೊತ್ತಿರಬೇಕು.

ಕಾನೂನೂ ಕೂತವರ ಕಡೆಗೇ ಸ್ವಲ್ಪ ವಾಲಿದೆ. ಸ್ವಯಂಸೇವಕರನ್ನು ಕೋರ್ಟಿನ ಕಾಟದಿಂದ ಕಾಪಾಡಲೆಂದು ಅಮೆರಿಕ 1997ರಲ್ಲಿ ಒಂದು ಕಾಯ್ದೆ ತಂದಿತು. ಅದರ ಪ್ರಕಾರ ಸಂಬಳವಿಲ್ಲದೆ ಕೂರುವ ನಿರ್ದೇಶಕರೂ ಸ್ವಯಂಸೇವಕರೇ, ಬೀದಿಯಲ್ಲಿ ನಿಂತು ಕೆಲಸ ಮಾಡುವವರೂ ಸ್ವಯಂಸೇವಕರೇ. ಸರಿ, ಒಪ್ಪೋಣ. ಆದರೆ ವಾಹನ ಓಡಿಸುವಾಗ ಆದ ಅನಾಹುತಕ್ಕೆ ಆ ರಕ್ಷಣೆ ಸಿಗುವುದಿಲ್ಲ. ವಿಮೆಯಂಥ ಕಾರಣ ಇರಬಹುದು, ಇರಲಿ. ಒಟ್ಟಿನಲ್ಲಿ ಕುರ್ಚಿಗಳನ್ನು ವ್ಯಾನಿನಲ್ಲಿ ತುಂಬಿ ಓಡಿಸಿದವನು ಎಲ್ಲಾದರೂ ಗುದ್ದಿದರೆ ಅದು ಅವನ ಹಣೆಬರಹ. ವ್ಯಾನು ಆ ದಾರಿಯಲ್ಲೇ ಹೋಗಲಿ ಅಂತ ಸಭೆಯಲ್ಲಿ ಠರಾವು ಮಾಡಿದವರು ನಿಶ್ಚಿಂತೆಯಿಂದ ಮಲಗಬಹುದು.

ಅದೇ 1997ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಸ್ವಯಂಸೇವೆಗಾಗಿ ಒಂದು ಭಾರಿ ಸಮಾವೇಶ ನಡೆಯಿತು. ಆಗಿನ ಅಧ್ಯಕ್ಷ ಕ್ಲಿಂಟನ್, ಮಾಜಿ ಅಧ್ಯಕ್ಷರಾದ ಹಿರಿಯ ಬುಷ್, ಕಾರ್ಟರ್, ಫೋರ್ಡ್ ಎಲ್ಲರೂ ಬಂದಿದ್ದರು. ರೇಗನ್ ಪರವಾಗಿ ನ್ಯಾನ್ಸಿ ರೇಗನ್. ನಡೆಸಿಕೊಟ್ಟವರು ಸೇನೆಯಿಂದ ನಿವೃತ್ತರಾಗಿದ್ದ ಕಾಲಿನ್ ಪೊವೆಲ್. ಬೀದಿ ಸ್ವಚ್ಛ ಮಾಡುವ, ಗೋಡೆಗೆ ಬಣ್ಣ ಬಳಿಯುವ ಕಾರ್ಯಕ್ರಮವೂ ಅದರ ಭಾಗವಾಗಿತ್ತು. ಕಡೇಪಕ್ಷ ಅವರು ಬೀದಿಗೆ ಇಳಿದರು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ದೇಶದ ಅಧ್ಯಕ್ಷರೊಬ್ಬರು ಒಂದು ಪೊರಕೆ ಹಿಡಿಯಬೇಕಾದರೆ ಸುತ್ತ ಎಷ್ಟು ಜನ ಕಾವಲಿಗೆ ನಿಲ್ಲಬೇಕು, ಎಷ್ಟು ರಸ್ತೆ ಮುಚ್ಚಬೇಕು, ಲೆಕ್ಕ ಹಾಕಿ. ನಮ್ಮ ಸಲಹೆಗಾರರು ಬೀದಿಗೆ ಇಳಿಯದಿರುವುದರಲ್ಲೂ ಒಂದು ಲೋಕಹಿತ ಇದ್ದೀತು.

ವರ್ಷಕ್ಕೊಂದು ದಿನ ಮಾತ್ರ ಮಂಡಳಿಗೆ ಮಂಡಳಿಯೇ ಹಾಜರು. ಡಿಸೆಂಬರ್ 5, ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. ವಿಶ್ವಸಂಸ್ಥೆ 1985ರಲ್ಲಿ ಗೊತ್ತು ಮಾಡಿದ್ದು. ಅವತ್ತು ವೇದಿಕೆ ಮೇಲೆ ಇಪ್ಪತ್ತೈದು ಕುರ್ಚಿ. ಸ್ವಾಗತ ಭಾಷಣದಲ್ಲಿ ಇಪ್ಪತ್ತೈದು ಹೆಸರೂ ಬಿರುದು ಸಮೇತ ಬರುತ್ತವೆ. ಒಂದು ಹೆಸರು ಹಿಂದೆಮುಂದೆ ಆದರೆ ಮುಂದಿನ ವರ್ಷದ ದೇಣಿಗೆ ಹಿಂದೆಮುಂದೆ ಆಗುತ್ತದೆ. ಅಧ್ಯಕ್ಷರು ‘ಸದ್ದಿಲ್ಲದ ಸೇವೆ’ ಅನ್ನುವ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಸದ್ದಿಲ್ಲದೆ ಸೇವೆ ಮಾಡಿದವರು ಆ ಹೊತ್ತಿಗೆ ಗೇಟಿನ ಹತ್ತಿರ ಗಾಡಿಗಳಿಗೆ ಜಾಗ ತೋರಿಸುತ್ತಿರುತ್ತಾರೆ. ಕೊನೆಗೆ ವಂದನಾರ್ಪಣೆ. ‘ಈ ಕಾರ್ಯಕ್ರಮಕ್ಕಾಗಿ ಹಗಲಿರುಳು ದುಡಿದ ಸ್ವಯಂಸೇವಕರಿಗೂ ಧನ್ಯವಾದಗಳು. ಸಮಯದ ಅಭಾವದಿಂದ ಎಲ್ಲರ ಹೆಸರನ್ನೂ ಹೇಳಲಾಗುತ್ತಿಲ್ಲ.’ ಯಾರ ದಿನ ಅಂತ ಬ್ಯಾನರಿನಲ್ಲಿ ಬರೆದಿತ್ತೋ ಅವರಿಗೆ ಸಿಕ್ಕಿದ್ದು ಈ ಒಂದು ಸಾಲು. ಅದೂ ಹಿಂದಿನ ಸಾಲಿನ ಜನ ಎದ್ದು ಹೊರಡುವ ಗದ್ದಲದಲ್ಲಿ.

2001 ಅಂತರರಾಷ್ಟ್ರೀಯ ಸ್ವಯಂಸೇವಕರ ವರ್ಷವಾಗಿತ್ತು. ಈಗ ವಿಶ್ವಸಂಸ್ಥೆ 2026ನ್ನೂ ಸ್ವಯಂಸೇವಕರ ವರ್ಷ ಅಂತ ಸಾರಿದೆ. ದಿನಕ್ಕೇ ಇಷ್ಟು ಸಂಭ್ರಮ ಇದ್ದರೆ ವರ್ಷಕ್ಕೆ ಎಷ್ಟಿರಬೇಡ? ನಮ್ಮ ಮಂಡಳಿ ಮೂರು ಸುತ್ತು ಸಭೆ ಸೇರಿತು. ಲಾಂಛನ ಬದಲಾಯಿತು. ಘೋಷವಾಕ್ಯ ಬದಲಾಯಿತು. ‘ದೂರದೃಷ್ಟಿ ದಾಖಲೆ’ ಅಂತ ಒಂದು ದಪ್ಪ ಪುಸ್ತಕ ಅಚ್ಚಾಯಿತು. ಅದನ್ನು ಬರೆದವರು ದುಡ್ಡು ತೆಗೆದುಕೊಂಡೇ ಬರೆದರು, ಅದು ಬೇರೆ. ಮೂರನೇ ಸಭೆಯಲ್ಲಿ ಖಜಾಂಚಿ, ಮೇಲೆ ಹೇಳಿದೆನಲ್ಲ ಅದೇ ಜೀವ, ಒಂದು ಸಣ್ಣ ಪ್ರಸ್ತಾವ ಮುಂದಿಟ್ಟರು. ಈ ಒಂದು ವರ್ಷ ಪದಾಧಿಕಾರಿಗಳು, ಸಲಹೆಗಾರರು ತಲಾ ಒಂದೇ ಒಂದು ಭಾನುವಾರ ಕೆಲಸಕ್ಕೆ ಬರಬೇಕು. ಹಳೆ ಪುಸ್ತಕ ವಿಂಗಡಿಸುವುದು, ಡಬ್ಬಿಗೆ ತುಂಬುವುದು. ಅಷ್ಟೇ.

ಎಲ್ಲರೂ ತಾತ್ವಿಕವಾಗಿ ಒಪ್ಪಿದರು. ತಾತ್ವಿಕವಾಗಿ ಅಂದಾಗಲೇ ಖಜಾಂಚಿಗೆ ಅರ್ಧ ಗೊತ್ತಾಗಿತ್ತು. ಆಮೇಲೆ ಒಂದೊಂದೇ ಉತ್ತರ ಬಂತು. “ನಾವೇ ಬಂದು ನಿಂತರೆ ಹುಡುಗರಿಗೆ ಮುಜುಗರ ಆಗುತ್ತೆ, ಅವರ ಅವಕಾಶ ಕಿತ್ತುಕೊಂಡ ಹಾಗೆ.” “ನನ್ನ ಸಾಮರ್ಥ್ಯಕ್ಕೆ ತಕ್ಕ ಬಳಕೆ ಇದಲ್ಲ ಅನ್ನಿಸುತ್ತೆ.” “ಬೆನ್ನು.” ಇದು ಒಂದೇ ಪದದ ಮೆಸೇಜು. ಗೌರವಾಧ್ಯಕ್ಷರು ಮಾತ್ರ ದೊಡ್ಡ ಮನಸ್ಸು ಮಾಡಿದರು. “ನನಗೆ ಅವತ್ತು ಆಗಲ್ಲ. ನನ್ನ ಡ್ರೈವರ್ ಕಳಿಸ್ತೀನಿ. ಒಳ್ಳೆ ಹುಡುಗ.”

ಡ್ರೈವರ್ ಬಂದ. ಅವನಿಗೆ ಅವತ್ತು ವಾರದ ರಜೆ ಇತ್ತು. ಹೋಗು ಅಂದರು, ಬಂದ. ಸಂಜೆ ತನಕ ಡಬ್ಬಿ ತುಂಬಿ, ಹೊತ್ತು, ಜೋಡಿಸಿಟ್ಟು ಹೋದ. ವರದಿಯಲ್ಲಿ ಆ ಎಂಟು ಗಂಟೆ ಗೌರವಾಧ್ಯಕ್ಷರ ಹೆಸರಿನಲ್ಲಿದೆ, ಕನ್ಸಲ್ಟೆಂಟಿನ ದರದಲ್ಲಿ. ಸೋಮವಾರ ಬೆಳಿಗ್ಗೆ ಗಾಡಿ ತೆಗೆಯಲು ಹತ್ತು ನಿಮಿಷ ತಡವಾಯಿತು ಅಂತ ಸಾಹೇಬರು ಅವನನ್ನು ಬೈದರಂತೆ.